ಸಾಲ ಸುಸ್ತಿಯಾದ ಮೇಲೆ: ಖಾಯಂ ಕೆಲಸ ಹಿಡಿದು ಸಿಬಿಲ್ ಸರಿಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕೆಲಸ ಹೋಯ್ತು, ಕ್ರೆಡಿಟ್ ಕಾರ್ಡ್ ಬಿಲ್ ಬೆಳೀತು, ಅದನ್ನು ಕಟ್ಟೋಕೆ ಒಂದು ಆ್ಯಪ್ ಸಾಲ, ಆ್ಯಪ್ ಸಾಲ ತೀರಿಸೋಕೆ ಇನ್ನೊಂದು ಆ್ಯಪ್. ಕೊನೆಗೆ ಬೈಕಿನ ಕಂತೂ ಬೌನ್ಸ್. ಬೆಂಗಳೂರು, ಹುಬ್ಬಳ್ಳಿ, ತುಮಕೂರು ಎಲ್ಲಿ ಕೇಳಿದರೂ ಕಥೆ ಹೆಚ್ಚು ಕಡಿಮೆ ಇದೇ. ಇದರಿಂದ ಹೊರಗೆ ಬರಬಹುದು. ಆದರೆ ಹೆಚ್ಚಿನವರು ತಪ್ಪು ತುದಿಯಿಂದ ಶುರು ಮಾಡುತ್ತಾರೆ. ಮೊದಲು ಸಿಬಿಲ್ ಸ್ಕೋರ್ (ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಅಂಕ) ಸರಿ ಮಾಡೋಣ, ಹೊಸ ಸಾಲ ಸಿಗುತ್ತೆ, ಅದರಿಂದ ಹಳೆಯದನ್ನು ತೀರಿಸೋಣ ಅಂತ ಲೆಕ್ಕ ಹಾಕುತ್ತಾರೆ. ನಾನು ಹೇಳುವ ಕ್ರಮ ತಿರುಗಾಮುರುಗಾ. ಮೊದಲು ಪ್ರತಿ ತಿಂಗಳು ಒಂದೇ ದಿನಾಂಕಕ್ಕೆ ಬರುವ ಸಂಬಳ. ಆಮೇಲೆ ಹಳೆ ಬಾಕಿ. ಸ್ಕೋರ್ ಕೊನೆಗೆ. ಮೊದಲ ಎರಡು ಸರಿಯಾದರೆ ಅದು ನಿಧಾನಕ್ಕೆ ತಾನೇ ಏರುತ್ತದೆ.

ಮೊದಲ ವಾರ: ರಕ್ತ ಸೋರುವುದನ್ನು ನಿಲ್ಲಿಸಿ

ಇವತ್ತಿನಿಂದ ಹೊಸ ಸಾಲ ಬೇಡ. ಸಣ್ಣದೂ ಬೇಡ. ಸಾಲಕ್ಕೆ ಅರ್ಜಿ ಹಾಕಿದಾಗಲೆಲ್ಲ ಅದು ನಿಮ್ಮ ಸಾಲದ ಇತಿಹಾಸ ಇರುವ ಕ್ರೆಡಿಟ್ ವರದಿಯಲ್ಲಿ 'ಎನ್‌ಕ್ವೈರಿ' ಅಂತ ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕಿದವರನ್ನು ನೋಡಿದರೆ, ಇವರಿಗೆ ದುಡ್ಡಿನ ತುರ್ತು ಇದೆ ಅಂತ ಯಾವ ಬ್ಯಾಂಕಿಗೂ ಗೊತ್ತಾಗುತ್ತದೆ.

ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ. ಬ್ಯಾಂಕ್, ಕಾರ್ಡ್, ಆ್ಯಪ್, ಸಂಘ, ಚೀಟಿ, ಮಾವನ ಹತ್ತಿರದ ಕೈಸಾಲ, ಅಂಗಡಿ ಬಾಕಿ, ಎಲ್ಲವೂ. ಪಕ್ಕದಲ್ಲಿ ಬಾಕಿ ಎಷ್ಟು, ಬಡ್ಡಿ ಎಷ್ಟು, ಎಷ್ಟು ದಿನದಿಂದ ಸುಸ್ತಿ, ಅಡಮಾನ ಏನಿದೆ ಅಂತ ಹಾಕಿ. ಮೀಟರ್ ಬಡ್ಡಿಗೆ ತಂದಿದ್ದರೆ ಅದನ್ನೂ ಮುಚ್ಚಿಡಬೇಡಿ. ಹಾಳೆ ನೋಡುವುದು ನಿಮ್ಮ ಮನೆಯವರು ಮಾತ್ರ ಅಲ್ವಾ.

ವಸೂಲಿಗಾರರ ಕಾಟ ಇದ್ದರೆ ನಿಯಮ ತಿಳಿದಿರಲಿ. ಆರ್‌ಬಿಐ ನಿಯಮದ ಪ್ರಕಾರ ಸುಸ್ತಿ ಸಾಲದ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮರ್ಯಾದೆ ಕಳೆಯುವಂತಿಲ್ಲ. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ಮುಂದೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಫೋಟೋ ತಿರುಚಿ ಕಳಿಸುವ ಆ್ಯಪ್‌ಗಳ ವಿಷಯದಲ್ಲಿ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ್ಯಪ್ ನಡೆಸುವವರು ನೋಂದಾಯಿತರೇ ಅಂತ ಆರ್‌ಬಿಐ ತನ್ನ ವೆಬ್‌ಸೈಟಿನಲ್ಲಿ ಹಾಕಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ನೋಡಿ.

ಇನ್ನೊಂದು ಭಯ ತುಂಬಾ ಜನರಿಗೆ ಇರುತ್ತದೆ: ಸಾಲ ಕಟ್ಟದಿದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರಾ? ಬರೀ ಸಾಲ ಬಾಕಿ ಇದ್ದರೆ ಅದು ಸಿವಿಲ್ ವಿಷಯ. ಚೆಕ್ ಬೌನ್ಸ್ ಮತ್ತು ಆಟೋ ಡೆಬಿಟ್ ಬೌನ್ಸ್ ಬೇರೆ, ಅವಕ್ಕೆ ಕ್ರಿಮಿನಲ್ ಕೇಸ್ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಕೋರ್ಟ್ ಸಮನ್ಸ್ ಬಂದರೆ ಕಪಾಟಿನಲ್ಲಿ ಇಡಬೇಡಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ವಾಟ್ಸಾಪ್‌ನಲ್ಲಿ ಬರುವ 'ಅರೆಸ್ಟ್ ವಾರಂಟ್' ಪಿಡಿಎಫ್ ನೋಡಿ ಮಾತ್ರ ಯಾರಿಗೂ ದುಡ್ಡು ಹಾಕಬೇಡಿ.

ಎಂಥಾ ಕೆಲಸ ಹುಡುಕಬೇಕು

ಸಾಲದಲ್ಲಿರುವಾಗ ಕೈಗೆ ಜಾಸ್ತಿ ಬರುವ ಕೆಲಸವೇ ಒಳ್ಳೆಯದು ಅನ್ನಿಸುತ್ತದೆ. ನನ್ನ ಲೆಕ್ಕ ಬೇರೆ. ತಿಂಗಳಿಗೆ 20,000 ನಗದು ಕೊಡುವ ಅಂಗಡಿ ಕೆಲಸ, ಪಿಎಫ್ ಇಎಸ್‌ಐ ಕಡಿದು ಬ್ಯಾಂಕಿಗೆ ಹಾಕುವ 18,000ದ ಕಾರ್ಖಾನೆ ಕೆಲಸ, ಎರಡೂ ಎದುರಿಗಿದ್ದರೆ ಎರಡನೆಯದನ್ನೇ ಹಿಡಿಯಿರಿ.

ಯಾಕೆ ಅಂತ ನೋಡೋಣ. 18,000ದಲ್ಲಿ ಮೂಲ ವೇತನ ಮತ್ತು ಡಿಎ ಸೇರಿ 15,000 ಅಂತ ಇಟ್ಟುಕೊಳ್ಳಿ. ಪಿಎಫ್‌ಗೆ 12%, ಅಂದರೆ 1,800. ಇಎಸ್‌ಐಗೆ 0.75%, ಅಂದರೆ 135. ಕರ್ನಾಟಕದಲ್ಲಿ ಸಂಬಳ 25,000ಕ್ಕಿಂತ ಕಡಿಮೆ ಇದ್ದರೆ ವೃತ್ತಿ ತೆರಿಗೆ ಇಲ್ಲ. ಕೈಗೆ 16,065 ಬರುತ್ತದೆ. ನಗದು ಕೆಲಸಕ್ಕಿಂತ ಸುಮಾರು ನಾಲ್ಕು ಸಾವಿರ ಕಮ್ಮಿ. ಆದರೆ ಮಾಲೀಕರೂ ಪಿಎಫ್‌ಗೆ 12% ಹಾಕುತ್ತಾರೆ, ಇಎಸ್‌ಐಗೆ 3.25% ಕಟ್ಟುತ್ತಾರೆ. ಮನೆಯವರಿಗೆಲ್ಲ ಇಎಸ್‌ಐ ಆಸ್ಪತ್ರೆ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ, ನಿಗದಿತ ವಂತಿಗೆ ಕಟ್ಟಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಬರುತ್ತದೆ. ಎಷ್ಟೋ ಜನ ಮೀಟರ್ ಬಡ್ಡಿಗೆ ಕೈ ಹಾಕುವುದು ಆಸ್ಪತ್ರೆ ಬಿಲ್‌ಗೆ. ಆ ಬಾಗಿಲು ಇಲ್ಲಿ ಮುಚ್ಚುತ್ತದೆ. ಇಎಸ್‌ಐ ಸಿಗುವುದು ತಿಂಗಳ ಸಂಬಳ 21,000ದವರೆಗೆ ಇರುವವರಿಗೆ.

ಇನ್ನು ಸಾಲದ ಕಡೆಯಿಂದ ನೋಡಿದರೆ, ನಾಳೆ ಯಾವ ಬ್ಯಾಂಕಿಗೆ ಹೋದರೂ ಕೇಳುವುದು ಸಂಬಳದ ಚೀಟಿ ಮತ್ತು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ನಗದು ಸಂಬಳದವರಿಗೆ ತೋರಿಸಲು ಏನೂ ಇರುವುದಿಲ್ಲ.

ಎಲ್ಲಿ ಹುಡುಕಬೇಕು

ಪೀಣ್ಯ, ಜಿಗಣಿ, ಬೊಮ್ಮಸಂದ್ರ, ದೊಡ್ಡಬಳ್ಳಾಪುರ, ಕೋಲಾರದ ನರಸಾಪುರ, ನಂಜನಗೂಡು, ಧಾರವಾಡದ ಬೇಲೂರು, ಮಂಗಳೂರಿನ ಬೈಕಂಪಾಡಿ. ಈ ಕೈಗಾರಿಕಾ ಪ್ರದೇಶಗಳಲ್ಲಿ ಹೆಚ್ಚಿನ ನೇಮಕ ಗುತ್ತಿಗೆದಾರರ ಮೂಲಕ ಆಗುತ್ತದೆ. ಗೇಟಿನ ಹತ್ತಿರ ಬೋರ್ಡ್ ಇರುತ್ತದೆ, ಒಳಗೆ ಕೆಲಸ ಮಾಡುವ ಊರಿನ ಹುಡುಗರ ಹತ್ತಿರ ನಂಬರ್ ಇರುತ್ತದೆ. ನಿಜ ಹೇಳಬೇಕೆಂದರೆ ಈ ಬಾಯಿಮಾತಿನ ದಾರಿಯೇ ಪೋರ್ಟಲ್‌ಗಳಿಗಿಂತ ಬೇಗ ಕೆಲಸ ಕೊಡಿಸುತ್ತದೆ. ಆದರೂ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ, ಕೇಂದ್ರದ ಎನ್‌ಸಿಎಸ್ (ನ್ಯಾಷನಲ್ ಕರಿಯರ್ ಸರ್ವಿಸ್) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಎರಡೂ ಉಚಿತ. ಜಿಲ್ಲಾ ಉದ್ಯೋಗ ಮೇಳಗಳ ಸುದ್ದಿ ಅಲ್ಲೇ ಸಿಗುತ್ತದೆ.

ಕೈಯಲ್ಲಿ ಕಸುಬು ಇಲ್ಲದವರು ಒಂದೆರಡು ತಿಂಗಳು ತರಬೇತಿಗೆ ಕೊಟ್ಟರೆ ನಷ್ಟವಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗೊಂದು ಆರ್‌ಸೆಟಿ (ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ) ಇದೆ. ಮೊಬೈಲ್ ರಿಪೇರಿ, ಎಲೆಕ್ಟ್ರಿಕಲ್ ವೈರಿಂಗ್, ಟೈಲರಿಂಗ್, ಫ್ರಿಜ್ ಎಸಿ ರಿಪೇರಿ ಇಂಥವು ಇರುತ್ತವೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ತರಬೇತಿಗೆ ಯಾರೂ ನಿಮ್ಮ ಸಿಬಿಲ್ ಕೇಳುವುದಿಲ್ಲ. ಸ್ವಲ್ಪ ಓದಿದವರು, ಯಂತ್ರದ ಕೆಲಸ ಇಷ್ಟ ಇರುವವರು ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ವಿಚಾರಿಸಿ.

ಡೆಲಿವರಿ, ಕ್ಯಾಬ್ ಕೆಲಸ ನಾಳೆಯೇ ಸಿಗುತ್ತದೆ, ಅದು ಅದರ ಒಳ್ಳೆಯ ಗುಣ. ಖಾಯಂ ಕೆಲಸ ಸಿಗುವವರೆಗೆ ಸೇತುವೆ ಅಂತ ಮಾಡಿ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ, ಕಂಪನಿಗಳು ಕಲ್ಯಾಣ ನಿಧಿಗೆ ಪಾಲು ಕಟ್ಟಬೇಕು. ಆದರೂ ಪೆಟ್ರೋಲ್, ಬೈಕ್ ಸವಕಳಿ ಕಳೆದು ಉಳಿಯುವುದೆಷ್ಟು ಅಂತ ಒಂದು ವಾರ ಬರೆದು ನೋಡಿ. ಇದನ್ನೇ ಮುಂದುವರಿಸುವವರು ವರ್ಷಕ್ಕೊಮ್ಮೆ ಐಟಿ ರಿಟರ್ನ್ ಹಾಕಲೇಬೇಕು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಹಾಕಿ. ನಾಳೆ ಸಾಲಕ್ಕೆ ಹೋದಾಗ ಅದೇ ನಿಮ್ಮ ಸಂಬಳದ ಚೀಟಿ. ತಳ್ಳುಗಾಡಿ ಇಟ್ಟವರಿಗೆ ಪಿಎಂ ಸ್ವನಿಧಿ ಸಾಲ ಇದೆ. ಈಗ ಮೊದಲ ಕಂತು 15,000, ತೀರಿಸಿದರೆ 25,000, ಆಮೇಲೆ 50,000. ಸರಿಯಾಗಿ ಕಟ್ಟಿದವರಿಗೆ 7% ಬಡ್ಡಿ ಸಬ್ಸಿಡಿ.

ಕೆಲಸಕ್ಕೆ ಸೇರುವ ಮುಂಚೆ ನೋಡಬೇಕಾದ್ದು

ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಗೇ ಮುಗಿಸಿ. ನೋಂದಣಿ ಶುಲ್ಕ, ಯೂನಿಫಾರ್ಮ್ ಡೆಪಾಸಿಟ್, ಲ್ಯಾಪ್‌ಟಾಪ್ ಕೊರಿಯರ್ ಖರ್ಚು, ಹೆಸರು ಏನೇ ಇರಲಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೂ ಬೇಡ. ಟೆಲಿಗ್ರಾಂನಲ್ಲಿ ವಿಡಿಯೋಗೆ ಲೈಕ್ ಒತ್ತಿ ದುಡ್ಡು ಮಾಡಿ ಅನ್ನುವವರು ಮೊದಲು ನೂರಿನ್ನೂರು ಕೊಟ್ಟು ಆಮೇಲೆ ಸಾವಿರಗಟ್ಟಲೆ ಕೀಳುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಲದಲ್ಲಿರುವ ಹುಡುಗರನ್ನು ಹುಡುಕಿಕೊಂಡು ಬಂದು, 'ನಿನ್ನ ಬ್ಯಾಂಕ್ ಖಾತೆ, ಸಿಮ್ ಕೊಡು, ತಿಂಗಳಿಗೆ ಇಷ್ಟು ಬಾಡಿಗೆ ಕೊಡ್ತೀವಿ' ಅನ್ನುತ್ತಾರೆ. ಆ ಖಾತೆಯಲ್ಲಿ ಓಡುವುದು ಸೈಬರ್ ವಂಚನೆಯ ಹಣ. ಖಾತೆ ಫ್ರೀಜ್ ಆಗುತ್ತದೆ, ಬೇರೆ ರಾಜ್ಯದ ಪೊಲೀಸರು ಮನೆಗೆ ಬರುತ್ತಾರೆ. ಸಾಲಕ್ಕೆ ಜೈಲಿಲ್ಲ, ಇದಕ್ಕೆ ಇದೆ.

ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಇದೆ. ಸೇರಿದ ಮೇಲೆ 12 ಅಂಕಿಯ ಯುಎಎನ್ (ನಿಮ್ಮ ಪಿಎಫ್‌ನ ಗುರುತಿನ) ಸಂಖ್ಯೆ ಮತ್ತು ಇಎಸ್‌ಐ ಸಂಖ್ಯೆ ತೆಗೆದುಕೊಳ್ಳಿ. ಹಳೆ ಕೆಲಸದ ಯುಎಎನ್ ಇದ್ದರೆ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ. ಎರಡನೇ ತಿಂಗಳಿನಿಂದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ಸಂಬಳದ ಚೀಟಿಯಲ್ಲಿ 1,800 ಕಡಿದಿದ್ದು ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಗುತ್ತಿಗೆದಾರರನ್ನು ಕೇಳಿ. ಸುಮ್ನೆ ಆಟ ಆಡಿಸಿದರೆ ಪಿಎಫ್ ಇಲಾಖೆಯ ಇಪಿಎಫ್‌ಐಜಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಈಗ ಯಾರೂ ಹೇಳದ ಒಂದು ವಿಷಯ. ಸಂಬಳದ ಖಾತೆಯನ್ನು ನೀವು ಸುಸ್ತಿಯಾಗಿರುವ ಬ್ಯಾಂಕಿನಲ್ಲಿ ತೆರೆಯಬೇಡಿ. ತನ್ನ ಬಾಕಿಗೆ ಅದೇ ಬ್ಯಾಂಕಿನಲ್ಲಿರುವ ನಿಮ್ಮ ಹಣವನ್ನು ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಮೊದಲ ಸಂಬಳ ಬಂದ ದಿನವೇ ಖಾತೆ ಖಾಲಿಯಾದರೆ ಬಾಡಿಗೆ ಕಟ್ಟೋದು ಹೇಗೆ? ಎಚ್‌ಆರ್ ಅವರಿಗೆ ಬೇರೆ ಬ್ಯಾಂಕಿನ ಖಾತೆ ಕೊಡಿ. ಇದು ಸಾಲ ತಪ್ಪಿಸುವ ಉಪಾಯ ಅಂತ ತಿಳಿಯಬೇಡಿ. ಯಾವ ಸಾಲಕ್ಕೆ ಯಾವಾಗ ಎಷ್ಟು ಅನ್ನುವುದು ನಿಮ್ಮ ಕೈಯಲ್ಲಿರಬೇಕು, ಅಷ್ಟೇ.

ಸಂದರ್ಶನದಲ್ಲಿ ನಡುವಿನ ಖಾಲಿ ತಿಂಗಳುಗಳ ಬಗ್ಗೆ ಕೇಳುತ್ತಾರೆ. 'ಹಿಂದಿನ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡಿದರು. ಎಂಟು ತಿಂಗಳು ಡೆಲಿವರಿ ಮಾಡಿದೆ. ಈಗ ಶಿಫ್ಟ್ ಕೆಲಸ ಬೇಕು, ರಾತ್ರಿ ಪಾಳಿಗೂ ಸಿದ್ಧ' ಅಂದರೆ ಸಾಕು. ಸಾಲದ ಪುರಾಣ ಅಲ್ಲಿ ಬೇಡ. ಅವರು ಕೇಳುವುದೂ ಇಲ್ಲ.

ಕೇಳುವ ಕಡೆ ಒಂದಿದೆ: ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳು. ಎಸ್‌ಬಿಐ ನೇಮಕಾತಿ ಪ್ರಕಟಣೆಗಳಲ್ಲಿ ಸಾಲ ಅಥವಾ ಕಾರ್ಡ್ ಬಾಕಿ ಸುಸ್ತಿಯಾದವರ ಬಗ್ಗೆ ಸ್ಪಷ್ಟ ಷರತ್ತು ಇರುತ್ತದೆ. ಹಲವು ಸರ್ಕಾರಿ ಬ್ಯಾಂಕುಗಳ ನೇಮಕಕ್ಕೆ ನಡೆಯುವ ಐಬಿಪಿಎಸ್ ಪರೀಕ್ಷೆಗಳಿಗೂ ಇಂಥದ್ದೇ ನಿಯಮ ಇದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಹಳೆ ಬಾಕಿ ತೀರಿಸಿ, ಬಾಕಿ ಇಲ್ಲ ಅಂತ ಸಾಲ ಕೊಟ್ಟವರು ಕೊಡುವ ನೋ ಡ್ಯೂ ಪತ್ರ ಇಟ್ಟುಕೊಂಡೇ ಕೆಲಸಕ್ಕೆ ಸೇರುವ ಹೊತ್ತಿಗೆ ತಯಾರಿರಬೇಕು. ನಾಲ್ಕು ಸಾವಿರದ ಆ್ಯಪ್ ಸಾಲಕ್ಕೆ ಬ್ಯಾಂಕ್ ಕೆಲಸ ತಪ್ಪಿದರೆ ಅದಕ್ಕಿಂತ ದುಬಾರಿ ಸಾಲ ಇನ್ನೊಂದಿಲ್ಲ.

ನಿಮ್ಮ ವರದಿಯನ್ನು ನೀವೇ ಓದಿ

ಜನ 'ಸಿಬಿಲ್' ಅನ್ನುತ್ತಾರೆ, ಆದರೆ ದೇಶದಲ್ಲಿ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಟ್ಟಿಗೆ ತೆಗೆಯಬೇಕಾಗಿಲ್ಲ. ಮೂರು ತಿಂಗಳಿಗೊಂದು ತೆಗೆದರೆ ವರ್ಷವಿಡೀ ಪುಕ್ಕಟೆ ಕಣ್ಣಿಡಬಹುದು. ನಿಮ್ಮ ವರದಿ ನೀವು ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಇದ್ದವರು ಹೈ ಮಾರ್ಕ್ ವರದಿ ಮರೆಯದೆ ನೋಡಿ.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. 750 ದಾಟಿದರೆ ಸಾಮಾನ್ಯವಾಗಿ ಬಾಗಿಲು ಸಲೀಸಾಗಿ ತೆರೆಯುತ್ತದೆ. ಆದರೆ ಮೊದಲು ಆ ದೊಡ್ಡ ಅಂಕಿ ಬಿಟ್ಟು ಕೆಳಗಿನ ಪುಟಗಳಿಗೆ ಹೋಗಿ. ಪ್ರತಿ ಸಾಲದ ಕೆಳಗೆ ತಿಂಗಳುಗಳ ಸಾಲು ಇರುತ್ತದೆ, ಒಂದೊಂದು ಚೌಕದಲ್ಲಿ ಮೂರು ಅಂಕಿ. 000 ಅಂದರೆ ಆ ತಿಂಗಳು ಸರಿಯಾಗಿ ಕಟ್ಟಿದ್ದೀರಿ. 032 ಅಂದರೆ 32 ದಿನ ತಡ. 000, 000, 032, 061, 092 ಅಂತ ಸಾಲು ಕಂಡರೆ ಒಂದು ಕಂತು ತಪ್ಪಿ, ಅದರ ಮೇಲೆ ಇನ್ನೊಂದು ತಪ್ಪಿ, ಸಾಲ 90 ದಿನದ ಗೆರೆ ದಾಟಿದೆ ಅಂತ. 90 ದಿನ ದಾಟಿದರೆ ಬ್ಯಾಂಕ್ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಎಕ್ಸ್‌ಎಕ್ಸ್‌ಎಕ್ಸ್ ಅಂತ ಇದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲ ಅಷ್ಟೇ, ಗಾಬರಿ ಬೇಡ.

ಆಮೇಲೆ ಸಾಲದ ಸ್ಥಿತಿ ನೋಡಿ. 'ಕ್ಲೋಸ್ಡ್' ಒಳ್ಳೆಯದು. 'ಸೆಟಲ್ಡ್' ಅಂದರೆ ಬಾಕಿಗಿಂತ ಕಡಿಮೆಗೆ ರಾಜಿಯಾಗಿದೆ. 'ರಿಟನ್ ಆಫ್' ನೋಡಿ ಸಾಲ ಮನ್ನಾ ಆಯ್ತು ಅಂತ ಖುಷಿಪಡುವವರಿದ್ದಾರೆ. ಮನ್ನಾ ಆಗಿಲ್ಲ. ಬ್ಯಾಂಕ್ ತನ್ನ ಪುಸ್ತಕದಲ್ಲಿ ನಷ್ಟ ಅಂತ ಬರೆದುಕೊಂಡಿದೆ, ನಿಮ್ಮ ಬಾಕಿ ಹಾಗೇ ಇದೆ. ಮೂರರಲ್ಲಿ ಇದೇ ಕೆಟ್ಟದು.

ನೀವು ಜಾಮೀನು ಹಾಕಿದ ಸಾಲಗಳೂ ಅಲ್ಲೇ ಕಾಣುತ್ತವೆ. ಭಾವಮೈದ ಟ್ರ್ಯಾಕ್ಟರ್ ಕಂತು ಕಟ್ಟದಿದ್ದರೆ ನಿಮ್ಮ ಮನೆ ಸಾಲಕ್ಕೆ ಅಡ್ಡಿ ಬರುವುದು ಹೀಗೆ.

ನಿಮ್ಮದಲ್ಲದ ಸಾಲ, ತೀರಿಸಿದ ಮೇಲೂ ಬಾಕಿ ತೋರಿಸುವ ಸಾಲ, ಎರಡೆರಡು ಸಲ ಬಂದ ಒಂದೇ ಸಾಲ ಇದ್ದರೆ ಆ ಕಂಪನಿಯ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಿ. ಶುಲ್ಕ ಇಲ್ಲ. ಸಾಲ ಕೊಟ್ಟ ಸಂಸ್ಥೆಗೂ ಇಮೇಲ್ ಮಾಡಿ, ದಾಖಲೆ ಲಗತ್ತಿಸಿ. 30 ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇಮೇಲ್‌ನಲ್ಲಿ ಈ ನಿಯಮದ ಹೆಸರು ಹೇಳಿ, ಕಡತ ಬೇಗ ಓಡುತ್ತದೆ. ಆಮೇಲೂ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಹಾಕಬಹುದು, ಮಾಹಿತಿಗೆ 14448. ವರದಿಯಲ್ಲಿರುವ ನಿಮ್ಮ ಮೊಬೈಲ್ ನಂಬರ್, ಇಮೇಲ್ ಸರಿ ಇದೆಯಾ ನೋಡಿ. ಸುಸ್ತಿ ದಾಖಲಿಸಿದಾಗ, ಯಾರಾದರೂ ನಿಮ್ಮ ವರದಿ ತೆಗೆದಾಗ ಸಂದೇಶ ಬರುವುದು ಅಲ್ಲಿಗೇ.

'ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ' ಅಂತ ದುಡ್ಡು ಕೇಳುವ ಏಜೆಂಟರಿಗೆ ನೀವು ಮಾಡಲಾಗದ್ದು ಏನೂ ಮಾಡಲು ಬರುವುದಿಲ್ಲ. ನಿಜವಾದ ಸುಸ್ತಿಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ಯಾವ ಬಾಕಿ ಮೊದಲು: ಒಂದು ಲೆಕ್ಕ

ಮೇಲೆ ಹೇಳಿದ 16,065 ಸಂಬಳದ ಹುಡುಗನನ್ನೇ ಇಟ್ಟುಕೊಳ್ಳೋಣ. ಅವನಿಗೆ ಕಾರ್ಡ್ ಬಾಕಿ 60,000, ಸುಸ್ತಿಯಾಗಿ 40 ದಿನ. ಬೈಕ್ ಕಂತು 3,400, ಎರಡು ಬಾಕಿ. ನೋಂದಾಯಿತ ಆ್ಯಪ್‌ನಲ್ಲಿ 8,000. ಬಾಡಿಗೆ, ಊಟ, ಮನೆಗೆ ಕಳಿಸುವುದು ಎಲ್ಲ ಸೇರಿ 9,000. ಕೈಯಲ್ಲಿ ಉಳಿಯುವುದು 7,065.

ಕಾರ್ಡ್ ನೋಡಿ. ತಿಂಗಳಿಗೆ 3.5% ಬಡ್ಡಿ ಅಂದರೆ 2,100. ಅದರ ಮೇಲೆ 18% ಜಿಎಸ್‌ಟಿ 378. ಒಟ್ಟು 2,478. ಕನಿಷ್ಠ ಮೊತ್ತ 5% ಅಂತ 3,000 ಕಟ್ಟಿದರೆ ಅಸಲು ಇಳಿಯುವುದು 522 ಮಾತ್ರ. ಅದೇ 60,000ವನ್ನು ಬ್ಯಾಂಕಿನವರ ಹತ್ತಿರ ಮಾತಾಡಿ ತಿಂಗಳಿಗೆ 1.5% ಬಡ್ಡಿಯಲ್ಲಿ 24 ಕಂತು ಮಾಡಿಸಿದರೆ ಇಎಂಐ ಸುಮಾರು 2,995. ಮೊದಲ ತಿಂಗಳು ಬಡ್ಡಿಯ ಮೇಲಿನ ಜಿಎಸ್‌ಟಿ 162, ಅದು ತಿಂಗಳು ತಿಂಗಳು ಇಳಿಯುತ್ತದೆ. ಹೆಚ್ಚು ಕಡಿಮೆ ಅದೇ ಮೂರು ಸಾವಿರ, ಆದರೆ ಎರಡು ವರ್ಷಕ್ಕೆ ಸಾಲ ಮುಗಿಯುತ್ತದೆ. ಕಾರ್ಡ್ ಬ್ಲಾಕ್ ಮಾಡುತ್ತಾರೆ. ಮಾಡಲಿ ಬಿಡಿ. ಇದನ್ನು 90 ದಿನ ದಾಟುವ ಮುಂಚೆ ಕೇಳುವುದು ಮುಖ್ಯ.

ಫೋನ್‌ನಲ್ಲಿ ಹೀಗೆ ಹೇಳಿ: 'ಹೊಸ ಕೆಲಸ ಸಿಕ್ಕಿದೆ, ಪ್ರತಿ ತಿಂಗಳು 7ಕ್ಕೆ ಸಂಬಳ. 10ನೇ ತಾರೀಖಿಗೆ 3,000ದ ಮೇಲೆ ಕಟ್ಟಬಲ್ಲೆ. ಪೂರ್ತಿ ಬಾಕಿಯನ್ನು ಇಎಂಐ ಮಾಡಿ, ಷರತ್ತನ್ನು ಇಮೇಲ್ ಮಾಡಿ.' ಅಳುವುದು, ಕೂಗಾಡುವುದು ಬೇಡ. ನಿಜವಾಗಿ ಕಟ್ಟಲಾಗದ ಮೊತ್ತಕ್ಕೆ ಒಪ್ಪಲೂಬೇಡಿ. ಮಾತು ಕೊಟ್ಟು ಎರಡನೇ ಸಲ ತಪ್ಪಿದರೆ ಮತ್ತೆ ಯಾರೂ ಕಂತು ಮಾಡಿಕೊಡುವುದಿಲ್ಲ.

ಬೈಕ್ ಕಂತು 3,400, ಕಾರ್ಡ್ ಸುಮಾರು 3,150. ಉಳಿದದ್ದು 500ರ ಹತ್ತಿರ. ಬೈಕ್ ಬಿಡುವ ಹಾಗಿಲ್ಲ, ಅದು ಹೋದರೆ ಕೆಲಸಕ್ಕೆ ಹೋಗುವ ದಾರಿಯೇ ಹೋಗುತ್ತದೆ. ಹಾಗಾದರೆ ಹಳೆಯ ಎರಡು ಕಂತು 6,800 ಮತ್ತು ಆ್ಯಪ್‌ನ 8,000, ಒಟ್ಟು 14,800 ಎಲ್ಲಿಂದ? ಓಟಿ ಮಾಡಬಹುದು, ಎರಡನೇ ಫೋನ್ ಮಾರಬಹುದು. ಮನೆಯಲ್ಲಿ ಒಂದು ಉಂಗುರ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು 15,000 ತರುವುದನ್ನು ನಾನು ತಪ್ಪು ಅನ್ನುವುದಿಲ್ಲ. ಹೊಸ ಸಾಲ ಬೇಡ ಅನ್ನುವ ಮಾತಿಗೆ ಇದೊಂದೇ ವಿನಾಯಿತಿ. ವರ್ಷಕ್ಕೆ 10% ಬಡ್ಡಿ ಅಂದರೂ ತಿಂಗಳಿಗೆ 125. ಆ್ಯಪ್‌ನ ದಂಡಕ್ಕೆ ಹೋಲಿಸಿದರೆ ಏನೂ ಅಲ್ಲ. ಚಿನ್ನದ ಸಾಲವೂ ವರದಿಗೆ ಹೋಗುತ್ತದೆ, ಹಾಗಾಗಿ ಅವಧಿಯೊಳಗೆ ಬಿಡಿಸಿಕೊಂಡರೆ ಅದೂ ನಿಮ್ಮ ಪರವಾಗಿ ನಿಲ್ಲುತ್ತದೆ. ಗಿರವಿ ಅಂಗಡಿಗೆ ಮಾತ್ರ ಹೋಗಬೇಡಿ.

ಎಲ್ಲ ಕಂತಿನ ದಿನಾಂಕವನ್ನೂ ಸಂಬಳ ಬಂದ ಮೂರ್ನಾಲ್ಕು ದಿನದ ನಂತರಕ್ಕೆ ತಂದುಕೊಳ್ಳಿ. ಒಂದು ಆಟೋ ಡೆಬಿಟ್ ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ.

ಸೆಟಲ್‌ಮೆಂಟ್ ಮಾಡಬೇಕಾ?

ಪೂರ್ತಿ ಕಟ್ಟಲು ಸಾಧ್ಯವಿದ್ದರೆ ಬೇಡ. 'ಸೆಟಲ್ಡ್' ಅನ್ನುವ ಗುರುತು ವರ್ಷಗಟ್ಟಲೆ ಉಳಿಯುತ್ತದೆ, ಕ್ರೆಡಿಟ್ ಕಂಪನಿಗಳು ಕನಿಷ್ಠ 7 ವರ್ಷ ಮಾಹಿತಿ ಇಟ್ಟುಕೊಳ್ಳುತ್ತವೆ. ಮೊದಲು ದಂಡ ಮತ್ತು ಶುಲ್ಕ ಬಿಡಿ, ಅಸಲು ಬಡ್ಡಿ ಕಟ್ಟುತ್ತೇನೆ, 'ಕ್ಲೋಸ್ಡ್' ಅಂತ ವರದಿ ಮಾಡಿ ಅಂತ ಕೇಳಿ. ಒಪ್ಪಿದರೆ ಅದನ್ನೇ ಪತ್ರದಲ್ಲಿ ಬರೆಸಿ.

ಆದರೆ ಸಾಲ ಆಗಲೇ ರಿಟನ್ ಆಫ್ ಆಗಿದ್ದು, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಸೆಟಲ್‌ಮೆಂಟ್ ಕೆಟ್ಟ ಆಯ್ಕೆ ಅಲ್ಲ. ಆಗ ಈ ಎಚ್ಚರ ಇರಲಿ. ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಬ್ಯಾಂಕಿನ ಅಧಿಕೃತ ಇಮೇಲ್‌ನಿಂದ ಬರಬೇಕು. ಅದರಲ್ಲಿ ಸಾಲದ ಖಾತೆ ಸಂಖ್ಯೆ, ಮೊತ್ತ, ಕೊನೆಯ ದಿನಾಂಕ ಇರಬೇಕು. ದುಡ್ಡು ಸಾಲದ ಖಾತೆಗೇ ಹೋಗಬೇಕು, ಏಜೆಂಟರ ಯುಪಿಐಗೆ ಅಲ್ಲ. ಸಾಲವನ್ನು ಬ್ಯಾಂಕ್ ಬೇರೆ ಕಂಪನಿಗೆ ಮಾರಿರಬಹುದು. ಈಗ ಯಾರ ಹೆಸರಲ್ಲಿದೆ ಅಂತ ವರದಿಯಲ್ಲಿ ನೋಡಿಕೊಂಡು ಅವರ ಹತ್ತಿರವೇ ಮಾತಾಡಿ. ಮುಂದೆ ಕೈ ಸುಧಾರಿಸಿದಾಗ ಬಿಟ್ಟುಕೊಟ್ಟ ಉಳಿಕೆ ಕಟ್ಟಿ 'ಕ್ಲೋಸ್ಡ್' ಮಾಡಿಸಿಕೊಳ್ಳಲು ಕೇಳಬಹುದು.

ಸಾಲ ಮುಗಿದ ದಿನ ನೋ ಡ್ಯೂ ಪತ್ರ ತೆಗೆದುಕೊಳ್ಳಿ. ಬೈಕ್ ಸಾಲವಾದರೆ ಎನ್‌ಒಸಿ ಹಿಡಿದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಹೈಪಾಥಿಕೇಶನ್ (ಬೈಕ್ ಸಾಲಕ್ಕೆ ಒತ್ತೆ ಇದೆ ಅನ್ನುವ ನಮೂದು) ತೆಗೆಸಿ. ಇದನ್ನು ಬಿಟ್ಟು, ಬೈಕ್ ಮಾರುವಾಗ ಒದ್ದಾಡುವವರು ಬೇಕಾದಷ್ಟು.

ಈಗ ಹೊಸ ದಾಖಲೆ ಕಟ್ಟಿ

ಹಳೆ ಸುಸ್ತಿ ಅಳಿಯುವುದಿಲ್ಲ, ಆದರೆ ಅದರ ಮುಂದೆ 000, 000, 000 ಅಂತ ಸಾಲು ಬೆಳೆದರೆ ಬ್ಯಾಂಕಿನವರು ನೋಡುವುದು ಅದನ್ನು. ಅದಕ್ಕೆ ಸುಲಭದ ದಾರಿ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್. 15,000 ಎಫ್‌ಡಿ ಇಟ್ಟರೆ ಅದರ ಹೆಚ್ಚಿನ ಪಾಲಿನಷ್ಟು ಮಿತಿಯ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಸ್ಕೋರ್ ಕಡಿಮೆ ಇದ್ದರೂ ಸಿಗುತ್ತದೆ, ಯಾಕೆಂದರೆ ಬ್ಯಾಂಕಿನ ಕೈಯಲ್ಲಿ ನಿಮ್ಮದೇ ದುಡ್ಡಿದೆ. ಇದನ್ನೂ ಸುಸ್ತಿ ಇಲ್ಲದ ಬ್ಯಾಂಕಿನಲ್ಲೇ ಮಾಡಿ. ಎಫ್‌ಡಿಗೆ ದುಡ್ಡು ಸೇರಿಸಲು ಆರ್‌ಡಿಯೋ, ನೋಂದಾಯಿತ ಚೀಟಿಯೋ ನಿಮ್ಮ ಇಷ್ಟ. ಪಿಎಫ್ ಮುರಿಯಬೇಡಿ.

ಮಿತಿ 12,000 ಇದ್ದರೆ ತಿಂಗಳಿಗೆ 3,500 ದಾಟಬೇಡಿ. ಅಂದರೆ ಸುಮಾರು 30%ರ ಒಳಗೆ. ಗ್ಯಾಸ್, ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಅದರಲ್ಲಿ ಮಾಡಿ. ಆಟೋ ಪೇ ಹಾಕುವಾಗ 'ಕನಿಷ್ಠ ಮೊತ್ತ' ಬಿಟ್ಟು 'ಪೂರ್ತಿ ಮೊತ್ತ' ಆರಿಸಿ. ಎಟಿಎಂನಲ್ಲಿ ಆ ಕಾರ್ಡ್ ಹಾಕಬೇಡಿ, ನಗದು ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಒಂದೇ ಕಾರ್ಡ್ ಸಾಕು.

2025ರ ಜನವರಿಯಿಂದ ಸಾಲ ಸಂಸ್ಥೆಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು, ಮೊದಲು ತಿಂಗಳಿಗೊಮ್ಮೆ ಇತ್ತು. ಹಾಗಾಗಿ ಕಟ್ಟಿದ್ದು ಬೇಗ ಕಾಣುತ್ತದೆ, ತಪ್ಪಿದ್ದೂ ಬೇಗ ಕಾಣುತ್ತದೆ. ಆದರೂ ಆರು ತಿಂಗಳು ಸ್ಕೋರ್ ಕಡೆ ನೋಡದಿದ್ದರೆ ನೆಮ್ಮದಿ. ಎನ್‌ಪಿಎ ಆಗಿದ್ದವರಿಗೆ ಎರಡು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ.

ಮತ್ತೆ ಸಾಲ ಕೇಳುವ ದಿನ

ಒಂದೇ ಕೆಲಸದಲ್ಲಿ ಒಂದು ವರ್ಷ, ಹನ್ನೆರಡು ತಿಂಗಳ ಸಂಬಳದ ಚೀಟಿ, ಬೌನ್ಸ್ ಇಲ್ಲದ ಸ್ಟೇಟ್‌ಮೆಂಟ್ ಆದ ಮೇಲೆ ಹೋಗಿ. ಮೊದಲು ನಿಮ್ಮ ಸಂಬಳದ ಖಾತೆ ಇರುವ ಶಾಖೆಗೆ. ಅಲ್ಲಿನ ಮ್ಯಾನೇಜರ್‌ಗೆ ನಿಮ್ಮ ಸಂಬಳ ಕಣ್ಣೆದುರೇ ಕಾಣುತ್ತಿರುತ್ತದೆ. ಸಾಲಕ್ಕೆ ಇಷ್ಟೇ ಸ್ಕೋರ್ ಬೇಕು ಅಂತ ಆರ್‌ಬಿಐ ಗೆರೆ ಎಳೆದಿಲ್ಲ, ಅದು ಆಯಾ ಬ್ಯಾಂಕಿನ ತೀರ್ಮಾನ. ನೋ ಡ್ಯೂ ಪತ್ರಗಳು, ನೇಮಕಾತಿ ಪತ್ರ, ಪಿಎಫ್ ಪಾಸ್‌ಬುಕ್ ಪ್ರತಿ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಹಳೆ ಸುಸ್ತಿ ಬಗ್ಗೆ ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ: ಯಾವ ತಿಂಗಳು ಕೆಲಸ ಹೋಯ್ತು, ಯಾವ ತಿಂಗಳು ತೀರಿಸಿದೆ. ಹೇಗೂ ಅವರ ಪರದೆ ಮೇಲೆ ಅದು ಇರುತ್ತದೆ. ಆಗುವುದಿಲ್ಲ ಅಂದರೆ ಯಾವ ಖಾತೆಯಿಂದ ತೊಂದರೆ ಅಂತ ಕೇಳಿ ಬರೆದುಕೊಳ್ಳಿ. ಅದೇ ದಿನ ಪಕ್ಕದ ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಆ ಖಾತೆ ಸರಿ ಮಾಡಿಸಿ, ಮೂರು ತಿಂಗಳು ಬಿಟ್ಟು ಅದೇ ಫೈಲ್ ಹಿಡಿದು ಅದೇ ಶಾಖೆಗೆ ಹೋಗಿ.